ಸಹಾಯ ಬೇಕು: ಸೋರ್ಸಿಂದ ಹಾಕಿದ ಎನ್‌ಲೈಟನ್‌ಮೆಂಟ್ ಹಳೇ ಲೈಬ್ರರಿನೇ ಹಿಡ್ಕೋತಿದೆ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು. ಡೆಬಿಯನ್ 12 ಲಿನಕ್ಸ್ ಇರೋ ಹಳೇ ಲ್ಯಾಪ್‌ಟಾಪಲ್ಲಿ ಎನ್‌ಲೈಟನ್‌ಮೆಂಟ್ ಡೆಸ್ಕ್‌ಟಾಪ್, ಅದಕ್ಕೆ ಬೇಕಾದ ಇಎಫ್‌ಎಲ್ ಲೈಬ್ರರಿಗಳು ಎರಡನ್ನೂ ಮೆಸಾನ್ ಅನ್ನೋ ಬಿಲ್ಡ್ ಟೂಲಲ್ಲಿ ಬಿಲ್ಡ್ ಮಾಡಿ /ಆಪ್ಟ್/ಇ ಒಳಗೆ ಹಾಕಿದೀನಿ.

ಮೊದಲು ಇಎಫ್‌ಎಲ್ಲೇ ಸಿಗ್ತಿಲ್ಲ ಅಂತಿತ್ತು. ಡೆಬಿಯನ್‌ನಲ್ಲಿ ಮೆಸಾನ್ ಫೈಲುಗಳನ್ನ ಲಿಬ್ ಒಳಗೆ ನೇರ ಇಡಲ್ಲ, ಅದರೊಳಗಿನ ಎಕ್ಸ್86_64-ಲಿನಕ್ಸ್-ಗ್ನೂ ಫೋಲ್ಡರಿಗೆ ಹಾಕುತ್ತೆ. ಲೈಬ್ರರಿ ಎಲ್ಲಿದೆ ಅಂತ ಬಿಲ್ಡಿಗೆ ಹೇಳೋ ಪಿಕೆಜಿ_ಕಾನ್ಫಿಗ್_ಪಾತ್ ಅಲ್ಲಿಗೆ ತಿರುಗಿಸಿದ ಮೇಲೆ ಬಿಲ್ಡ್ ಸಲೀಸಾಗಿ ಮುಗೀತು.

ತೊಂದರೆ ಇರೋದು ಓಡಿಸೋವಾಗ. ಟರ್ಮಿನಾಲಜಿ (ಇಎಫ್‌ಎಲ್ ಬಳಸೋ ಟರ್ಮಿನಲ್ ಪ್ರೋಗ್ರಾಂ) ಜೊತೆ ಬಂದ ಡೆಬಿಯನ್ನಿನ ಹಳೇ ಇಎಫ್‌ಎಲ್ ಕೂಡ ಸಿಸ್ಟಂನಲ್ಲಿದೆ. ಪ್ರೋಗ್ರಾಂ ಯಾವ ಲೈಬ್ರರಿ ಹಿಡಿಯುತ್ತೆ ಅಂತ ತೋರಿಸೋ ಎಲ್‌ಡಿಡಿ ಹಾಕಿ ನೋಡಿದ್ರೆ ಇಎಫ್‌ಎಲ್‌ನ ಲಿಬ್‌ಎಲಿಮೆಂಟರಿ ಎದುರಿಗೆ ಆ ಹಳೇದರ ಪಾತೇ ಬರುತ್ತೆ, ಲಾಗಿನ್ ಆದ ತಕ್ಷಣ ಎನ್‌ಲೈಟನ್‌ಮೆಂಟ್ 'ಅನ್‌ಡಿಫೈನ್ಡ್ ಸಿಂಬಲ್' ಅಂತ ಬಿದ್ದುಹೋಗುತ್ತೆ. ಸೆಷನ್ ಫೈಲಲ್ಲಿ ಲೈಬ್ರರಿನ ಮೊದಲು ಎಲ್ಲಿ ಹುಡುಕ್ಬೇಕು ಅಂತ ಹೇಳೋ ಎಲ್‌ಡಿ_ಲೈಬ್ರರಿ_ಪಾತ್ ಸೇರಿಸಿದೆ. ಡೆಸ್ಕ್‌ಟಾಪೇನೋ ಬಂತು, ಆದ್ರೆ ಎನ್‌ಲೈಟನ್‌ಮೆಂಟ್_ಸಿಸ್ಟಂ ಏಳಲ್ಲ, ಬ್ರೈಟ್‌ನೆಸ್ ಬದಲಾಗಲ್ಲ. ಅದು ಸೆಟ್‌ಯುಐಡಿ (ರೂಟ್ ಅಧಿಕಾರದಲ್ಲಿ ಓಡೋ) ಪ್ರೋಗ್ರಾಂ, ಅಂಥವಕ್ಕೆ ಲೈಬ್ರರಿ ಜೋಡಿಸೋ ಲೋಡರ್ ಈ ವೇರಿಯಬಲ್ಲನ್ನ ಲೆಕ್ಕಕ್ಕೇ ತಗೊಳಲ್ಲ ಅನ್ನೋವರೆಗೆ ಅರ್ಥ ಆಗಿದೆ.

ಇಡೀ ಸಿಸ್ಟಂಗೆ ಅನ್ವಯಿಸೋ ಎಲ್‌ಡಿ.ಎಸ್‌ಒ.ಕಾನ್ಫ್.ಡಿ ಒಳಗೆ ಪಾತ್ ಬರೆದು ಎಲ್‌ಡಿಕಾನ್ಫಿಗ್ ಓಡಿಸಬಹುದು, ಆದ್ರೆ ಆಗ ಟರ್ಮಿನಾಲಜಿನೂ ಹೊಸ ಇಎಫ್‌ಎಲ್ಲನ್ನೇ ಎತ್ಕೊಳುತ್ತೆ, ಅದು ನಂಗೆ ಬೇಡ. (ಬೇರೆ ಡಿಸ್ಟ್ರೋ ಹಾಕು ಅನ್ಬೇಡಿ ದಯವಿಟ್ಟು, ಈ ಮಳೇಲಿ ನಮ್ಮಲ್ಲಿ ಕರೆಂಟು, ನೆಟ್ಟು ಎರಡೂ ನೆಚ್ಚೋ ಹಾಗಿಲ್ಲ.)

ನನ್ನ ಪ್ರಶ್ನೆ ಇಷ್ಟೇ: ಎಲ್‌ಡಿಫ್ಲ್ಯಾಗ್ಸ್‌ನಲ್ಲಿ (ಲಿಂಕರ್‌ಗೆ ಕೊಡೋ ಆಯ್ಕೆಗಳು) ಆರ್‌ಪಾತ್, ಅಂದ್ರೆ ಬೈನರಿ ಒಳಗೇ ಬರೆದಿಡೋ ಲೈಬ್ರರಿ ಪಾತ್, ಕೊಟ್ಟು ಎನ್‌ಲೈಟನ್‌ಮೆಂಟ್ ಒಂದನ್ನೇ ಮತ್ತೆ ಬಿಲ್ಡ್ ಮಾಡಿದ್ರೆ ಸಾಕಾ, ಇಲ್ಲ ಇಎಫ್‌ಎಲ್ ಲೈಬ್ರರಿಗಳೂ ಒಂದನ್ನೊಂದು ಹುಡುಕೋದಕ್ಕೆ ಅದನ್ನೂ ಆರ್‌ಪಾತ್ ಜೊತೆ ಮೊದಲಿಂದ ಬಿಲ್ಡ್ ಮಾಡ್ಬೇಕಾ?