ಕ್ರಿಪ್ಟೊ ಎಕ್ಸ್‌ಚೇಂಜ್‌ನಲ್ಲಿ ₹3.8 ಲಕ್ಷ ‘ಅಂಡರ್ ರಿವ್ಯೂ’: ಯಾವ ದಾಖಲೆ ಕೊಡಬೇಕು?

ಪ್ರಶ್ನೆ: ಮದ್ದೂರು_ಕಬ್ಬು
ಎಫ್‌ಐಯುನಲ್ಲಿ (ಅನುಮಾನದ ಹಣದ ವ್ಯವಹಾರ ನೋಡುವ ಕೇಂದ್ರ ಸರ್ಕಾರದ ಘಟಕ) ನೋಂದಣಿಯಾದ ಭಾರತೀಯ ಕ್ರಿಪ್ಟೊ ಎಕ್ಸ್‌ಚೇಂಜ್. ಯುಎಸ್‌ಡಿಟಿ (ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ) ಮಾರಿದ ₹3.8 ಲಕ್ಷವನ್ನು ಮಂಡ್ಯದ ಬ್ಯಾಂಕ್ ಖಾತೆಗೆ ಹಾಕಿಸಿಕೊಳ್ಳಲು ಕೊಟ್ಟು ವಾರವಾಯಿತು, ಇನ್ನೂ ‘ಅಂಡರ್ ರಿವ್ಯೂ’. ಅರ್ಧ ಅಲ್ಲೇ ಕೊಂಡದ್ದು, ಅರ್ಧ ಹೊರಗಿನ ವಾಲೆಟ್‌ನಿಂದ ಟಿಆರ್‌ಸಿ-20ಯಲ್ಲಿ (ಟ್ರಾನ್ ಜಾಲದಲ್ಲಿ) ಬಂದದ್ದು. ಈಗ ‘ಸೋರ್ಸ್ ಆಫ್ ಫಂಡ್ಸ್’ (ಹಣದ ಮೂಲದ ದಾಖಲೆ) ಕೇಳ್ತಿದ್ದಾರೆ. ಹಣ ಕಬ್ಬಿನ ಬಿಲ್ಲಿನದು, ಸಂಬಳದವರಿಗೆ ಕೊಡೋ ಫಾರ್ಮ್ 16 ಎಲ್ಲಿಂದ ತರೋದು? ರದ್ದು ಮಾಡಿ ₹40-45 ಸಾವಿರದಂತೆ ತೆಗೆದರೆ ಬೇಗ ಬರುತ್ತಾ?

ಉತ್ತರ: ಸರಸ್ವತಿಪುರಂ_ಆಡಿಟ್
ತುಂಡು ಮಾಡಬೇಡಿ. ತಡೆದ ಮೊತ್ತವನ್ನು ರದ್ದು ಮಾಡಿ ಸಣ್ಣ ಕಂತಿನಲ್ಲಿ ತೆಗೆಯುವುದನ್ನೇ ಅವರ ಸಾಫ್ಟ್‌ವೇರ್ ಮೊದಲು ಹಿಡಿಯುತ್ತದೆ. ಒಂದು ಪ್ರಶ್ನೆ ಇದ್ದದ್ದು ಎರಡಾಗುತ್ತದೆ.

2023ರ ಮಾರ್ಚ್ 7ರ ಅಧಿಸೂಚನೆಯಿಂದ ಎಕ್ಸ್‌ಚೇಂಜ್‌ಗಳೂ ಪಿಎಂಎಲ್‌ಎ (ಅಕ್ರಮ ಹಣ ವರ್ಗಾವಣೆ ತಡೆ) ಕಾಯ್ದೆಯ ಕೆಳಗೆ ಬಂದಿವೆ. ಗ್ರಾಹಕರ ಗುರುತು, ಹಣದ ಮೂಲ ಪರಿಶೀಲಿಸಬೇಕು, ದಾಖಲೆ 5 ವರ್ಷ ಇಡಬೇಕು, ಅನುಮಾನ ಬಂದರೆ ಎಫ್‌ಐಯುಗೆ ವರದಿ ಕೊಡಬೇಕು. ಹಾಗೆ ವರದಿ ಕೊಟ್ಟಿದ್ದರೆ ಅದನ್ನು ಗ್ರಾಹಕನಿಗೆ ಹೇಳುವಂತಿಲ್ಲ. ಸಪೋರ್ಟ್‌ನವರು ಗಿಳಿಪಾಠ ಒಪ್ಪಿಸುವುದಕ್ಕೆ ಇದೂ ಒಂದು ಕಾರಣ. ಹಾಗಂತ ತಡವಾದದ್ದೆಲ್ಲ ವರದಿಯಾದದ್ದು ಅಂದುಕೊಳ್ಳಬೇಡಿ.

ಫಾರ್ಮ್ 16 ಬೇಕಿಲ್ಲ. ಕಾರ್ಖಾನೆಯ ಕಬ್ಬಿನ ಬಿಲ್, ನಿಮ್ಮ ಹೆಸರಿನ ಪಹಣಿ, ಬಿಲ್ಲಿನ ಹಣ ಜಮೆಯಾದ ಸಾಲು ಕಾಣುವ ಬ್ಯಾಂಕ್ ಸ್ಟೇಟ್‌ಮೆಂಟ್ ಸಾಕು. ಪಹಣಿ ತಂದೆಯ ಹೆಸರಿನಲ್ಲಿದ್ದರೆ ಹಣ ನಿಮಗೆ ಬಂದ ಬಗೆಗೆ ಒಂದು ಘೋಷಣಾ ಪತ್ರ ಸೇರಿಸಿ. ಸ್ಟೇಟ್‌ಮೆಂಟ್ ಸ್ಕ್ರೀನ್‌ಶಾಟ್ ಬೇಡ, ಬ್ಯಾಂಕ್ ಕೊಟ್ಟ ಪಿಡಿಎಫ್ ಇರಲಿ. ಬಿಲ್ ಬಂದ ದಿನದಿಂದ ಎಕ್ಸ್‌ಚೇಂಜ್‌ಗೆ ಹೋದ ದಿನದವರೆಗೆ ಪುಟ ಬಿಡದೆ ಕೊಡಿ. ನಡುವೆ ಎರಡು ಪುಟ ಇಲ್ಲದಿದ್ದರೆ ಕಡತ ವಾಪಸ್. ಐಟಿ ರಿಟರ್ನ್ ಇದ್ದರೆ ಅದನ್ನೂ ಹಾಕಿ: ಕ್ರಿಪ್ಟೊ ಲಾಭ ಇದ್ದವರು ಐಟಿಆರ್-1 ಸಲ್ಲಿಸುವಂತಿಲ್ಲ, ಐಟಿಆರ್-2 ಅಥವಾ 3ರ ವಿಡಿಎ (ಕ್ರಿಪ್ಟೊದಂಥ ಡಿಜಿಟಲ್ ಆಸ್ತಿ) ಶೆಡ್ಯೂಲ್‌ನಲ್ಲಿ ತೋರಿಸಬೇಕು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಲೆಕ್ಕ ಮಾತ್ರ ಬೇಕು.

ಹೆಸರನ್ನೂ ನೋಡಿಕೊಳ್ಳಿ. ನಮ್ಮ ಕಡೆ ಪಾಸ್‌ಬುಕ್‌ನಲ್ಲಿ ‘ಎಂ.ಕೆ.’ ಅಂತ ಇನಿಷಿಯಲ್, ಪ್ಯಾನ್‌ನಲ್ಲಿ ಊರು, ತಂದೆ ಹೆಸರೆಲ್ಲ ಉದ್ದಕ್ಕೆ. ₹1 ಹಾಕಿ ಖಾತೆದಾರನ ಹೆಸರು ತಾಳೆ ನೋಡುವಾಗ ಇದೇ ಕಾರಣಕ್ಕೆ ಕೆಡುತ್ತದೆ.

ಉತ್ತರ: ಹ್ಯಾಶ್_ನೋಡಿ
ತೊಡಕು ಇರುವುದು ಹೊರಗಿನಿಂದ ಬಂದ ಅರ್ಧದಲ್ಲಿ. ಅದರ ಟ್ರಾನ್ಸಾಕ್ಷನ್ ಹ್ಯಾಶ್ (ವರ್ಗಾವಣೆಯ ಗುರುತಿನ ಸಂಖ್ಯೆ) ಅನ್ನು ಟ್ರಾನ್ ಜಾಲದ ವರ್ಗಾವಣೆ ತೋರಿಸುವ ಟ್ರಾನ್‌ಸ್ಕ್ಯಾನ್ ತಾಣದಲ್ಲಿ ಹಾಕಿ, ಕಳಿಸಿದ ವಿಳಾಸ ನೋಡಿ, ಅಲ್ಲಿಂದ ಹಿಂದಕ್ಕೆ ಹೋಗಿ. ಎಕ್ಸ್‌ಚೇಂಜ್ ನೋಡುವುದು ಬರೀ ನಿಮ್ಮ ವಾಲೆಟ್ ಅಲ್ಲ. ಎರಡು-ಮೂರು ಕೈ ಹಿಂದೆ ಕಳವಿನ ಹಣ ತಗುಲಿದ್ದರೂ ರಿಸ್ಕ್ ಸ್ಕೋರ್ ಏರುತ್ತದೆ. ವಾಲೆಟ್ ನಿಮ್ಮದೇ ಎಂದು ತೋರಿಸಲು ಅದರಿಂದ ಒಂದು ಮೆಸೇಜ್ ಸೈನ್ ಮಾಡಿ, ಇಲ್ಲವೇ ಅವರು ಹೇಳಿದ ಸಣ್ಣ ಮೊತ್ತ ಕಳಿಸಿ. ಸೀಡ್ ಫ್ರೇಸ್ (ವಾಲೆಟ್ ತೆರೆಯುವ ಗುಪ್ತ ಪದಗಳು) ಯಾರು ಕೇಳಿದರೂ ಕೊಡಬೇಡಿ. ‘ಮೊದಲು ತೆರಿಗೆ ಕಟ್ಟಿ, ಆಮೇಲೆ ಹಣ ಬಿಡ್ತೀವಿ’ ಎಂದರೆ ಅದು ಪಕ್ಕಾ ಮೋಸ: 1% ಟಿಡಿಎಸ್ ಮಾರಾಟದ ಮೊತ್ತದಲ್ಲೇ ಮುರಿದುಕೊಳ್ಳುತ್ತಾರೆ, 30% ತೆರಿಗೆ ಕಟ್ಟುವುದು ಸರ್ಕಾರಕ್ಕೆ. ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಮದ್ದೂರು_ಕಬ್ಬು
ಥ್ಯಾಂಕ್ಸ್. ವಾಲೆಟ್ ನನ್ನದೇ. ಆದರೆ ಆ ಯುಎಸ್‌ಡಿಟಿ 2024ರಲ್ಲಿ ಪಿ2ಪಿಯಲ್ಲಿ, ಯಾವ ಎಕ್ಸ್‌ಚೇಂಜೂ ನಡುವೆ ಇಲ್ಲದೆ, ₹1.6 ಲಕ್ಷಕ್ಕೆ ಕೊಂಡದ್ದು. ಮುಂದೆಯೂ ಪಿ2ಪಿಯಲ್ಲೇ ಮಾರಿಬಿಡೋದು ಸುಲಭ ಅಲ್ವಾ?

ಉತ್ತರ: ಸರಸ್ವತಿಪುರಂ_ಆಡಿಟ್
ಸುಲಭ ಅಲ್ಲ ಕಣ್ರಿ. ನಿಮಗೆ ರೂಪಾಯಿ ಹಾಕಿದವನ ದುಡ್ಡು ಇನ್ಯಾವುದೋ ರಾಜ್ಯದಲ್ಲಿ ಸೈಬರ್ ಮೋಸದಿಂದ ಬಂದಿದ್ದರೆ ಅಲ್ಲಿನ ದೂರಿನ ಮೇಲೆ ನಿಮ್ಮ ಖಾತೆಗೆ ಲೀನ್ (ಹಣ ತೆಗೆಯದಂತೆ ತಡೆ) ಬೀಳುತ್ತದೆ. ಅದನ್ನು ಮಂಡ್ಯದ ಸಿಇಎನ್ (ಸೈಬರ್, ಆರ್ಥಿಕ, ಮಾದಕ ದ್ರವ್ಯ ಅಪರಾಧ) ಠಾಣೆ ತೆಗೆಯಲಾರದು. ದೂರು ದಾಖಲಾದ ಕಡೆಯ ತನಿಖಾಧಿಕಾರಿ ಅಥವಾ ನ್ಯಾಯಾಲಯವೇ ಬೇಕು.

ಈಗ ಕೊಡಬೇಕಾದ್ದು: ಆ ಖರೀದಿಗೆ ಹಣ ಕಳಿಸಿದ ಯುಟಿಆರ್ ಸಂಖ್ಯೆ (ಬ್ಯಾಂಕ್ ವರ್ಗಾವಣೆಯ ಗುರುತು), ಚಾಟ್, ಮಾರಿದವರ ಹೆಸರು, ಯುಎಸ್‌ಡಿಟಿ ಬಂದ ಹ್ಯಾಶ್. ಯುಟಿಆರ್‌ನ ಸಮಯವೂ ಹ್ಯಾಶ್‌ನ ಸಮಯವೂ ಹತ್ತಿರ ಇದ್ದರೆ ಬಲವಾದ ಸಾಕ್ಷಿ. ಇನ್ನೊಂದು ಬಾಕಿ ಇದೆ. ಹೀಗೆ ನೇರ ಕೊಂಡಾಗ 1% ಟಿಡಿಎಸ್ ಹಿಡಿಯಬೇಕಾದವರು ನೀವು. ವ್ಯಾಪಾರದ ಆದಾಯ ಇಲ್ಲದವರಿಗೆ ವರ್ಷಕ್ಕೆ ₹50,000 ಮಿತಿ, ನೀವು ದಾಟಿದ್ದೀರಿ. ಮಾರಿದವರ ಪ್ಯಾನ್ ಕೇಳಿ, ಆ ಟಿಡಿಎಸ್ ಕಟ್ಟುವ ಫಾರ್ಮ್ 26ಕ್ಯೂಇ ತುಂಬಬೇಕಿತ್ತು. ಹಿಡಿಯದ ತಿಂಗಳಿಗೆ 1% ಬಡ್ಡಿ, ಹಿಡಿದೂ ಕಟ್ಟದಿದ್ದರೆ 1.5%. ಮೊತ್ತ ಸಣ್ಣದು, ಲೇಟ್ ಫೀ ಸೇರಿ ಬೆಳೆಯುತ್ತದೆ. ಮೈಸೂರಿನಲ್ಲೋ ಮಂಡ್ಯದಲ್ಲೋ ವಿಡಿಎ ಲೆಕ್ಕ ಗೊತ್ತಿರುವ ಸಿಎ ಹತ್ತಿರ ಬೇಗ ತೋರಿಸಿ.

ಉತ್ತರ: ಹ್ಯಾಶ್_ನೋಡಿ
ದಾಖಲೆ ಕೊಟ್ಟ ಮೇಲೂ ಅಲುಗಾಡದಿದ್ದರೆ ಟಿಕೆಟ್ ಸಂಖ್ಯೆ ಹಾಕಿ ಗ್ರೀವನ್ಸ್ ಆಫೀಸರ್‌ಗೆ ಇಮೇಲ್ ಮಾಡಿ, ಆಮೇಲೆ 1915 ಗ್ರಾಹಕ ಸಹಾಯವಾಣಿ, ಜಿಲ್ಲಾ ಗ್ರಾಹಕ ಆಯೋಗ. ಆರ್‌ಬಿಐ ಓಂಬುಡ್ಸ್‌ಮನ್‌ಗೆ ಬರೆದು ಪ್ರಯೋಜನವಿಲ್ಲ, ಎಕ್ಸ್‌ಚೇಂಜ್ ಅವರ ವ್ಯಾಪ್ತಿಗೆ ಬರಲ್ಲ. ಬ್ಯಾಂಕೇ ಹಣ ತಡೆದಿದ್ದರೆ, ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದ ಮೇಲೆ ಅಲ್ಲಿಗೆ ಹೋಗಬಹುದು.