ನಮ್ಮ ಓಣಿಯ ಸ್ಥಿತಿ ಅಳೆಯುವುದು ಹೇಗೆ? ಮಾಡಿ ನೋಡಿದವರು ತಿಳಿಸಿ

ಪ್ರಶ್ನೆ (ವಡಗಾವಿ, ಬೆಳಗಾವಿ): ಓಣಿಯ ತೊಂದರೆ ಹೇಳಲು ಹೋದರೆ ‘ಲೆಕ್ಕ ತನ್ನಿ’ ಅನ್ನುತ್ತಾರೆ. ನಾವು ಏಳೆಂಟು ಹುಡುಗರಿದ್ದೇವೆ. ಏನನ್ನು ಅಳೆಯಬೇಕು, ಎಲ್ಲಿಂದ ಶುರು ಮಾಡಬೇಕು?

ಶಹಾಪುರ, ಬೆಳಗಾವಿ: ತಮ್ಮಾ, ನೀರಿನಿಂದ ಶುರು ಮಾಡಿ. ನಾವು ಮೊದಲು ರಸ್ತೆ, ಕಸ, ದೀಪ ಅಂತ ಮೂವತ್ತು ಪ್ರಶ್ನೆ ಬರೆದುಕೊಂಡು ಮನೆ ಮನೆ ತಿರುಗಿದೆವು. ಎರಡನೇ ವಾರಕ್ಕೆ ಯಾರೂ ಬರಲಿಲ್ಲ. ಆಮೇಲೆ ಒಂದನ್ನೇ ಹಿಡಿದೆವು: ಒಬ್ಬರಿಗೆ ದಿನಕ್ಕೆ ಎಷ್ಟು ಲೀಟರ್?

ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ನೀರು, ಒಳಚರಂಡಿ, ಕಸ, ಮಳೆನೀರಿನ ಚರಂಡಿಗೆ ಒಟ್ಟು 28 ಸೂಚಕಗಳನ್ನು, ಅಂದರೆ ಸೇವೆ ಅಳೆಯುವ ಮಾನದಂಡಗಳನ್ನು, ಕೊಟ್ಟಿದೆ. ಅದರಲ್ಲಿ ನೀರಿನ ಗುರಿ ಒಬ್ಬರಿಗೆ ದಿನಕ್ಕೆ 135 ಲೀಟರ್. ನಮ್ಮ ಮನೆಯದೇ ಲೆಕ್ಕ ನೋಡಿ. ನಾಲ್ಕು ಜನ. ಆಗ ನಾಲ್ಕು ದಿನಕ್ಕೊಮ್ಮೆ ನೀರು. ನಳ ನಿಲ್ಲುವ ಹೊತ್ತಿಗೆ 1000 ಲೀಟರ್ ಸಿಂಟೆಕ್ಸ್, 200ರ ಎರಡು ಬ್ಯಾರಲ್ ತುಂಬುತ್ತಿದ್ದವು. 1400 ಲೀಟರನ್ನು 16ರಿಂದ (ನಾಲ್ಕು ಜನ, ನಾಲ್ಕು ದಿನ) ಭಾಗಿಸಿದರೆ 87 ಚಿಲ್ಲರೆ. ‘ನೀರು ಸಾಲುತ್ತಿಲ್ಲ’ ಅಂತ ವರ್ಷಗಟ್ಟಲೆ ಹೇಳಿದ್ದಕ್ಕಿಂತ ಈ ಒಂದು ಅಂಕಿಗೆ ಬೆಲೆ ಜಾಸ್ತಿ ಬಂತು.

ಊರಿನ ಸರಾಸರಿ ಮಾತ್ರ ನಂಬಬೇಡಿ. ನಮ್ಮೂರಿನ ಕೆಲವು ವಾರ್ಡ್‌ಗಳಿಗೆ 2008ರಲ್ಲೇ 24 ಗಂಟೆ ನೀರು ಬಂತು. ಅದನ್ನೂ ದಿನ ಬಿಟ್ಟು ಕಾಯುವ ಓಣಿಯನ್ನೂ ಕೂಡಿಸಿ ಭಾಗಿಸಿದರೆ ಬರುವ ಗಂಟೆ ಯಾರ ಮನೆಯದೂ ಅಲ್ಲ, ಅಲ್ವಾ? ಓಣಿವಾರು ಬರೆಯಿರಿ.

ವಿಜಯಪುರ: ಅಕ್ಕಾವ್ರು ಹೇಳಿದ್ದು ಸರಿ. ಜೊತೆಗೆ ದೂರಿನ ಲೆಕ್ಕವನ್ನೂ ಇಡಿ. 24 ಗಂಟೆಯೊಳಗೆ ಶೇ. 80ರಷ್ಟು ದೂರು ಬಗೆಹರಿಯಬೇಕು ಅನ್ನುವುದೂ ಅದೇ ಸೂಚಕಗಳಲ್ಲಿದೆ. ನಾವು ದೂರಿನ ನಂಬರ್, ಕೊಟ್ಟ ಹೊತ್ತು, ಕೆಲಸ ನಿಜವಾಗಿ ಮುಗಿದ ಹೊತ್ತು, ಮೂರನ್ನೇ ನೋಟ್‌ಬುಕ್‌ನಲ್ಲಿ ಬರೆದೆವು. ಒಡೆದ ಪೈಪಿನ ದೂರು ‘ಮುಗಿದಿದೆ’ ಅಂತ ಮೆಸೇಜ್ ಬಂದಾಗಲೂ ನೀರು ಹರಿಯುತ್ತಲೇ ಇತ್ತು. ತಾರೀಖು ಕಾಣುವ ಫೋಟೋ ಇದ್ದದ್ದಕ್ಕೆ ನಮ್ಮ ಮಾತನ್ನು ಒಪ್ಪಿದರು.

ನವನಗರ, ಬಾಗಲಕೋಟೆ: ಎಷ್ಟು ನೀರು ಅನ್ನುವುದರ ಜೊತೆ ಎಂಥ ನೀರು ಅಂತಲೂ ನೋಡಿ. ನೀರಿನಲ್ಲಿ ಕ್ರಿಮಿ ಕೊಲ್ಲುವ ಕ್ಲೋರಿನ್ ಉಳಿದಿದೆಯಾ ಅಂತ ನೋಡುವ ಕಿಟ್‌ಗೆ ಖರ್ಚು ಜಾಸ್ತಿಯಿಲ್ಲ. ಹನಿ ಹಾಕಿ, ಬಣ್ಣವನ್ನು ಪಟ್ಟಿಯ ಜೊತೆ ಹೋಲಿಸಿದರೆ ಆಯಿತು. ನಳದಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ನಾವು ನೋಡಿದಾಗ ಟ್ಯಾಂಕಿನ ಹತ್ತಿರದ ಮನೆಯಲ್ಲಿ ಚೆಂದ ಹಳದಿ ಬಂತು, ಲೈನಿನ ಕೊನೆಯ ಮನೆಯಲ್ಲಿ ಬಣ್ಣವೇ ಇಲ್ಲ, ಅಂದರೆ ಕ್ಲೋರಿನ್ ಉಳಿದಿರಲಿಲ್ಲ. ಅದಕ್ಕೇ ಮೊದಲು ಕೊನೆಯ ಮನೆಗೆ ಹೋಗಿ.