ಹಾಸನದಲ್ಲಿ ಎಸಿ ಇಲ್ಲದ ಮನೆ: ದುಡ್ಡು ಚಾವಣಿಗೋ ಗೋಡೆಗೋ?

ಸಾಲಗಾಮೆರಸ್ತೆ:
30×40 ಸೈಟು, ಒಂದೇ ಅಂತಸ್ತು, 5 ಇಂಚಿನ ಆರ್‌ಸಿಸಿ ಸ್ಲ್ಯಾಬ್, ಎಸಿ ಹಾಕಿಸುವುದಿಲ್ಲ. ಮೇಸ್ತ್ರಿ 8 ಇಂಚಿನ ಎಎಸಿ ಬ್ಲಾಕ್ (ಒಳಗೆ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಇಟ್ಟಿಗೆ) ಹಾಕಿ, ಮನೆ ತಣ್ಣಗಿರುತ್ತೆ ಅಂತಾರೆ. ಈಚಿನ ಅಧ್ಯಯನಗಳು ಸುಡದೆ ಒತ್ತಿದ ಮಣ್ಣಿನ ಇಟ್ಟಿಗೆ, ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಕೂಲ್ ರೂಫ್ ಬಣ್ಣ ಅಂತಲೂ ಹೇಳುತ್ತವೆ. ನಮ್ಮ ಹವೆಗೆ ಯಾವುದು ಮೊದಲು?

ಉಷ್ಣಲೆಕ್ಕ:
ಚಾವಣಿ ಮೊದಲು, ಅನುಮಾನವೇ ಬೇಡ. ಹಾಸನ ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಒಂದಂತಸ್ತಿನ ಮನೆಯಲ್ಲಿ ಬಿಸಿಲೆಲ್ಲ ಸ್ಲ್ಯಾಬ್ ಮೇಲೆ.

ಲೆಕ್ಕ ನೋಡಿ. 125 ಮಿ.ಮೀ. ಕಾಂಕ್ರೀಟಿನ ಉಷ್ಣರೋಧ, ಅಂದರೆ ಶಾಖ ತಡೆಯುವ ಶಕ್ತಿ, 0.08, ಪ್ಲಾಸ್ಟರ್ 0.02, ಒಳಹೊರ ಮೈಯ ಗಾಳಿಪದರ 0.21. ಒಟ್ಟು 0.31. ಒಂದನ್ನು ಅದರಿಂದ ಭಾಗಿಸಿದರೆ ಯು ಮೌಲ್ಯ ಸುಮಾರು 3.2. ಶಾಖ ಎಷ್ಟು ದಾಟುತ್ತದೆ ಅನ್ನುವ ಅಳತೆ ಇದು, ಕಡಿಮೆ ಇದ್ದಷ್ಟೂ ಒಳ್ಳೆಯದು. ವಸತಿ ಕಟ್ಟಡಗಳ ಇಂಧನ ಉಳಿತಾಯಕ್ಕೆ ಕೇಂದ್ರ ಸರ್ಕಾರ ತಂದ ಇಕೋ ನಿವಾಸ ಸಂಹಿತೆ 2018ರ ಪ್ರಕಾರ ಚಾವಣಿಯ ಯು ಮೌಲ್ಯ 1.2 ಮೀರಬಾರದು. ಆ ಸಂಹಿತೆ 500 ಚದರ ಮೀಟರ್‌ಗಿಂತ ಸಣ್ಣ ಸೈಟಿಗೆ ಅನ್ವಯಿಸುವುದಿಲ್ಲ, ಆದರೂ ಗುರಿಯಾಗಿ ಇಟ್ಟುಕೊಳ್ಳಲು ಒಳ್ಳೆಯ ಅಂಕಿ. 25 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್) ಹಾಕಿದರೆ 1ರ ಆಸುಪಾಸಿಗೆ ಬರುತ್ತದೆ, 50 ಹಾಕಿದರೆ 0.6.

ಇದನ್ನು ಸ್ಲ್ಯಾಬಿನ ಮೇಲೆಯೇ ಹಾಕಬೇಕು. ಒಳಗೆ ಫಾಲ್ಸ್ ಸೀಲಿಂಗ್ ಮಾಡಿಸಿದರೆ ಸ್ಲ್ಯಾಬ್ ಹಗಲು ಕಾದು ರಾತ್ರಿ ಕುಗ್ಗುವುದು ನಿಲ್ಲುವುದಿಲ್ಲ, ಪ್ಯಾರಪೆಟ್ ಸೇರುವ ಕಡೆ ಬಿರುಕು ಬಿಡುತ್ತದೆ.

ಮಲೆನಾಡಗಾರೆ:
ಬಣ್ಣದ ವಿಷಯಕ್ಕೆ: ಬಿಳಿ ಬಣ್ಣ ಅರಸೀಕೆರೆ ಕಡೆ ಚೆನ್ನಾಗಿ ಕೆಲಸ ಮಾಡುತ್ತದೆ. ಸಕಲೇಶಪುರ, ಮೂಡಿಗೆರೆಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಪಾಚಿ ಕಟ್ಟಿ ಕಪ್ಪಾಗುತ್ತದೆ, ಬಿಸಿಲು ಬರುವ ಮೊದಲು ಪ್ರತಿ ವರ್ಷ ತೊಳೆಯದಿದ್ದರೆ ಹಾಕಿದ್ದು ದಂಡ. ನಿಮ್ಮದು ಎರಡರ ಮಧ್ಯೆ. ಬಣ್ಣವೊಂದನ್ನೇ ನಂಬಬೇಡಿ.

ಹಲಗೆ ಹಾಕುವ ಕ್ರಮ: ಸ್ಲ್ಯಾಬ್, ನೀರಿನ ಪೈಪಿನ ಕಡೆಗೆ 1:100 ಇಳಿಜಾರಿನ ಗಾರೆ, ವಾಟರ್‌ಪ್ರೂಫಿಂಗ್, ನೀರು ಕಟ್ಟಿ 48 ಗಂಟೆ ಪರೀಕ್ಷೆ, ಆಮೇಲೆ ಎಕ್ಸ್‌ಪಿಎಸ್, ಜಿಯೊಟೆಕ್ಸ್‌ಟೈಲ್ ಬಟ್ಟೆ, ಮೇಲೆ ಜಾಲರಿ ಇಟ್ಟು 50 ಮಿ.ಮೀ. ಕಾಂಕ್ರೀಟ್. ಅದನ್ನು 3 ಮೀಟರಿಗೊಂದು ಕಡೆ ಕತ್ತರಿಸಿ ಸೀಲೆಂಟ್ ತುಂಬಿ. ದುಡ್ಡು ಉಳಿಸಲು ಅಗ್ಗದ ಥರ್ಮೋಕೋಲ್ ಹಾಕುತ್ತಾರೆ. ಅದು ನೀರು ಹೀರುತ್ತದೆ, ಹೀರಿದ ಮೇಲೆ ಶಾಖ ತಡೆಯುವ ಗುಣ ಕಳೆದುಕೊಳ್ಳುತ್ತದೆ.

ಸಾಲಗಾಮೆರಸ್ತೆ:
ಸರಿ ಸರ್. ಹಾಗಾದರೆ ಎಎಸಿ ಬೇಡವಾ?

ಉಷ್ಣಲೆಕ್ಕ:
200 ಮಿ.ಮೀ. ಎಎಸಿ ಗೋಡೆಯ ಯು ಮೌಲ್ಯ ಸುಮಾರು 0.8, 9 ಇಂಚಿನ ಸುಟ್ಟ ಇಟ್ಟಿಗೆಯದು 2ರ ಹತ್ತಿರ. ಎಸಿ ಓಡುವ ಕಟ್ಟಡಕ್ಕೆ ಈ ಅಂತರ ದೊಡ್ಡದು. ನಿಮಗೆ ಎಸಿ ಇಲ್ಲ, ರಾತ್ರಿ ಗಾಳಿ ತಂಪು. ಕಿಟಕಿ ತೆರೆದಿಟ್ಟರೆ ಭಾರದ ಗೋಡೆ ರಾತ್ರಿ ತಣಿದು ಹಗಲಿಗೆ ನೆರವಾಗುತ್ತದೆ.

ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಕಟ್ಟಿಕೊಟ್ಟ ಭಾರತೀಯ ಹೊಂದಾಣಿಕೆ ಮಾದರಿ, ಹೊರಗಿನ ಹವೆಗೆ ಒಗ್ಗಿದ ಜನಕ್ಕೆ ಮನೆಯೊಳಗೆ ಎಷ್ಟು ಡಿಗ್ರಿ ಹಿತ ಅಂತ ಹೇಳುತ್ತದೆ. ಅದರ ಸೂತ್ರ ಹೀಗಿದೆ: ಹೊರಗಿನ 30 ದಿನದ ಸರಾಸರಿ ಉಷ್ಣತೆಯನ್ನು 0.54ರಿಂದ ಗುಣಿಸಿ 12.83 ಕೂಡಿಸಿ. ಸರಾಸರಿ 26 ಇದ್ದರೆ ಉತ್ತರ 26.9. ಅದಕ್ಕಿಂತ 2.4 ಡಿಗ್ರಿ ಹೆಚ್ಚಿದ್ದರೂ ಬಹುಪಾಲು ಜನಕ್ಕೆ ಹಿತ. ಇಲ್ಲಿ 29 ಡಿಗ್ರಿಯ ಒಳಗೆ ಮನೆ ಇಡಲು ಚಾವಣಿ ಮತ್ತು ಕಿಟಕಿ ಸಾಕು.

ಸಮಶೀತೋಷ್ಣ ವಲಯಕ್ಕೆ ಸಂಹಿತೆ ಕೇಳುವುದು ಕಾರ್ಪೆಟ್ ಏರಿಯಾದ 12.5% ತೆರೆಯುವ ಕಿಟಕಿ, ಬಾಗಿಲು. 800 ಚದರಡಿಗೆ 100 ಚದರಡಿ. ಎರಡು ಹಳಿಯ ಸ್ಲೈಡಿಂಗ್ ಕಿಟಕಿ ಅರ್ಧ ಮಾತ್ರ ತೆರೆಯುತ್ತದೆ, ಲೆಕ್ಕದಲ್ಲೂ ಅರ್ಧವೇ.

ಮಣ್ಣುಬ್ಲಾಕ್:
ಬೇಸಿಗೆ ತಂಪಿಗೆ ಕರೆಂಟೇ ಖರ್ಚಾಗದ ಮನೆಯಲ್ಲಿ, ಸಾಮಗ್ರಿ ತಯಾರಿಸಿ ಕಟ್ಟುವಾಗ ಖರ್ಚಾದ ಶಕ್ತಿಯ ಪಾಲು ದೊಡ್ಡದಾಗುತ್ತದೆ. ಸಂಶೋಧನೆ ಈಗ ಆ ಕಡೆಗೆ ವಾಲುತ್ತಿದೆ. ಬೆಂಗಳೂರಿನ ಐಐಎಸ್‌ಸಿಯ ವೆಂಕಟರಾಮ ರೆಡ್ಡಿ, ಜಗದೀಶ್ 2003ರಲ್ಲೇ ತೋರಿಸಿದ್ದರು: ಪರ್ಯಾಯ ಸಾಮಗ್ರಿ ಬಳಸಿದರೆ ಭಾರ ಹೊರುವ ಗೋಡೆಯ ಕಟ್ಟಡದಲ್ಲಿ ಈ ಶಕ್ತಿ ಅರ್ಧಕ್ಕೆ ಇಳಿಯುತ್ತದೆ.

ಮಣ್ಣಿನ ಬ್ಲಾಕಿಗೆ 7–8% ಸಿಮೆಂಟ್ ಸಾಕು, ಆದರೆ ಜೇಡಿ ಅಂಶ 15% ದಾಟಬಾರದು. ನಮ್ಮ ಕೆಂಪುಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿ ಹೆಚ್ಚು, ಎಂ ಸ್ಯಾಂಡ್ ಇಲ್ಲವೇ ಕ್ವಾರಿ ಪುಡಿ ಬೆರೆಸಿ. ಒತ್ತಿದ ಮೇಲೆ 28 ದಿನ ಗೋಣಿಚೀಲ ಹೊದಿಸಿ ನೀರು ಕೊಡಿ. ಇಲ್ಲಿ ಆತುರಪಟ್ಟರೆ ಮೊದಲ ಮಳೆಗೇ ಅಂಚು ಕರಗುತ್ತದೆ. ಪಶ್ಚಿಮದ ಗೋಡೆಗೆ ಎರಡಡಿಯಾದರೂ ಸಜ್ಜೆ ಬೇಕು.

ಮಲೆನಾಡಗಾರೆ:
ಕರೆಂಟಿನ ಲೆಕ್ಕದಲ್ಲಿ ಗೀಸರ್ ಮರೆಯಬೇಡಿ. 100 ಲೀಟರ್ ನೀರನ್ನು 30 ಡಿಗ್ರಿ ಏರಿಸಲು 3.5 ಯೂನಿಟ್ ಬೇಕು. ಮಳೆಗಾಲದಲ್ಲಿ ಸೋಲಾರ್ ಕೈಕೊಡುವ ದಿನಗಳಿಗೆ ಹೀಟ್ ಪಂಪ್ (ಗಾಳಿಯ ಶಾಖವನ್ನು ಎಳೆದು ನೀರು ಕಾಯಿಸುವ ಯಂತ್ರ) ಇದ್ದರೆ ಅದೇ ಕೆಲಸ ಒಂದೂಕಾಲು ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ಗಾಳಿಯಾಡುವ ಯುಟಿಲಿಟಿಯಲ್ಲಿ ಜಾಗ ಮತ್ತು ನೀರು ಹೋಗಲು ಕೊಳವೆ ಈಗಲೇ ಬಿಡಿಸಿಕೊಳ್ಳಿ.